ಎರಡು ಪರೀಕ್ಷೆ, ಒಂದು ಸೀಟು

ಈ ಮಾತುಕತೆ ನಡೆದದ್ದು ತಿಪ್ಪಸಂದ್ರದಲ್ಲಿ. ಬೆಂಗಳೂರಿನ ಎಚ್‌ಎಎಲ್ ಪಕ್ಕದ ತಿಪ್ಪಸಂದ್ರವಲ್ಲ, ಮಾಗಡಿ ತಾಲ್ಲೂಕಿನ ಹೋಬಳಿ. ಮಾತಾಡಿದವರು ಇಬ್ಬರು. ಒಬ್ಬರು ಸರ್ಕಾರಿ ಆಸ್ಪತ್ರೆಗಳಲ್ಲಿ ಸೇವೆ ಮುಗಿಸಿ ನಿವೃತ್ತರಾದ ಎಂಬಿಬಿಎಸ್ ವೈದ್ಯರು. ಇನ್ನೊಬ್ಬಳು ಅವರ ತಮ್ಮನ ಮಗಳು. ಹೈಸ್ಕೂಲಿಗೆ ಮುಂಚೆಯೇ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಹೋದವಳು, ಈಗ ಅಲ್ಲಿ ಆಸ್ಟಿಯೋಪತಿಕ್ ವೈದ್ಯ ಕಾಲೇಜೊಂದರಲ್ಲಿ ಎರಡನೇ ವರ್ಷದಲ್ಲಿದ್ದಾಳೆ. ಡಿಸೆಂಬರ್ ರಜೆಗೆ ಊರಿಗೆ ಬಂದಿದ್ದಳು. ಅವಳಿಗೆ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ರೆಸಿಡೆನ್ಸಿ ಬೇಕು, ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎಂಎಸ್ ಆರ್ಥೋ. ಅಲ್ಲಿ ಅದು ಭಾರೀ ಪೈಪೋಟಿಯ ಸೀಟು. ಅವಳ ಕಾಲೇಜು ಕೇಳುವ ಪರೀಕ್ಷೆ ಒಂದೇ ಸಾಕೋ, ಎಂಡಿ (ಅಲ್ಲಿ ಅದು ನಮ್ಮ ಎಂಬಿಬಿಎಸ್ ಥರದ ಮೊದಲ ಪದವಿ) ಓದುವವರ ಪರೀಕ್ಷೆಯನ್ನೂ ಬರೆಯಬೇಕೋ ಎಂಬುದು ಜಗಲಿಯ ಮೇಲೆ ಚರ್ಚೆಗೆ ಬಂತು. ಅವರೆಕಾಯಿ ಸುಲಿಯುವ ನೆವದಲ್ಲಿ ನಾನು ಪಕ್ಕದಲ್ಲೇ ಕೂತಿದ್ದೆ.

ದೊಡ್ಡಪ್ಪ: ಮೊದಲು ಒಂದು ವಿಷಯ ಬಗೆಹರಿಸು ತಾಯಿ. ‘ನಿಮ್ಮ ತಮ್ಮನ ಮಗಳು ಅಮೆರಿಕದಲ್ಲಿ ಪುತ್ತೂರು ಕಟ್ಟು ಕಲೀತಾ ಇದ್ದಾಳಂತೆ’ ಅಂತ ಊರಲ್ಲಿ ಕೇಳ್ತಾರೆ. ನಾನೇನು ಹೇಳಲಿ?

ಹುಡುಗಿ: ಪೂರ್ತಿ ಡಾಕ್ಟರ್ ಓದ್ತಾ ಇದ್ದಾಳೆ ಅಂತ ಹೇಳಿ. ನಾವು ಓದೋ ಆಸ್ಟಿಯೋಪತಿಕ್ ಪದವಿಗೆ ಡಿಓ ಅಂತಾರೆ, ಐವತ್ತು ರಾಜ್ಯಗಳಲ್ಲೂ ಎಂಡಿಗೆ ಇರೋ ಹಕ್ಕೆಲ್ಲ ಅದಕ್ಕೂ ಇದೆ. ಔಷಧಿ ಬರೀಬಹುದು, ಆಪರೇಷನ್ ಮಾಡಬಹುದು. ಟ್ರಂಪ್‌ಗೆ ಕೋವಿಡ್ ಬಂದಾಗ ಅವರ ಡಾಕ್ಟರಾಗಿದ್ದ ಶಾನ್ ಕಾನ್ಲಿ ಡಿಓ. ಬೈಡನ್ ಅಧ್ಯಕ್ಷರಾಗಿದ್ದಾಗ ಅವರ ಡಾಕ್ಟರಾಗಿದ್ದ ಕೆವಿನ್ ಓಕಾನರ್ ಕೂಡ ಡಿಓ.

ದೊಡ್ಡಪ್ಪ: ಲಂಡನ್ನಲ್ಲಿರೋ ನನ್ನ ಸ್ನೇಹಿತನ ಮಗ ಬೇರೆ ಹೇಳಿದನಲ್ಲ. ಅಲ್ಲಿ ಆಸ್ಟಿಯೋಪಾತ್ ಅಂದ್ರೆ ಬೆನ್ನು, ಕುತ್ತಿಗೆ ನೋವಿಗೆ ಕೈಚಿಕಿತ್ಸೆ ಮಾಡೋರಂತೆ, ಡಾಕ್ಟರಲ್ಲವಂತೆ.

ಹುಡುಗಿ: ಅವರು ಹೇಳಿದ್ದೂ ನಿಜ. ಬ್ರಿಟನ್ನಲ್ಲಿ ಅದು ಬೇರೆ ಕಸುಬು, 1993ರ ಕಾಯ್ದೆಯಲ್ಲಿ ಅದಕ್ಕೆ ಬೇರೆ ನೋಂದಣಿ ಇದೆ. ಎರಡಕ್ಕೂ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನೋ ಡಾಕ್ಟರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆಗೆದರು. ಅಮೆರಿಕದ ಕವಲು ಮಾತ್ರ ಕಾಲ ಕಾಲಕ್ಕೆ ಬಂದ ವೈದ್ಯವನ್ನೆಲ್ಲ ಒಳಗೆ ಹಾಕಿಕೊಂಡು ಬೆಳೀತು. ಎಂಡಿಗಳು ಓದೋದನ್ನೆಲ್ಲ ನಾವೂ ಓದ್ತೀವಿ. ಮೇಲೆ ಸುಮಾರು ಇನ್ನೂರು ಗಂಟೆ ಕೈಚಿಕಿತ್ಸೆ ಕಲೀತೀವಿ.

ದೊಡ್ಡಪ್ಪ: ಹಾಗಾದ್ರೆ ನಮ್ಮ ಬಿಎಎಂಎಸ್‌ಗೂ ಹೋಲಿಸೋ ಹಾಗಿಲ್ಲ. ಶಲ್ಯ, ಶಾಲಾಕ್ಯ ಓದಿದ ಆಯುರ್ವೇದ ಪಿಜಿಗಳು 58 ಬಗೆಯ ಶಸ್ತ್ರಚಿಕಿತ್ಸೆ ಮಾಡಬಹುದು ಅಂತ 2020ರ ನವೆಂಬರ್‌ನಲ್ಲಿ ಅಧಿಸೂಚನೆ ಬಂತು. ಮುಂದಿನ ತಿಂಗಳೇ ಐಎಂಎ ದೇಶದಾದ್ಯಂತ ಮುಷ್ಕರ ಹೂಡಿತು. ನಿಮ್ಮಲ್ಲಿ ಆ ಜಗಳ ಮುಗಿದಿದೆ ಅನ್ನು.

ಹುಡುಗಿ: ಕಾಗದದ ಮೇಲೆ ಮುಗಿದಿದೆ. ಅದೂ ಸುಲಭಕ್ಕೆ ಮುಗೀಲಿಲ್ಲ. ಕೊನೆಗೆ ಒಪ್ಪಿದ ರಾಜ್ಯ ಮಿಸಿಸಿಪ್ಪಿ, 1973ರಲ್ಲಿ. ಕ್ಯಾಲಿಫೋರ್ನಿಯಾದ ಕಥೆ ಕೇಳಿದ್ದೀರಾ? 1962ರಲ್ಲಿ ಅಲ್ಲಿನ ಎಂಡಿ ಸಂಘವೂ ಡಿಓ ಸಂಘವೂ ಒಂದಾದವು. 65 ಡಾಲರ್ ಕಟ್ಟಿದ ಡಿಓಗೆ ಎಂಡಿ ಪದವಿ ಕೊಟ್ಟರು. ಸುಮಾರು ಎರಡು ಸಾವಿರ ಮಂದಿ ತಗೊಂಡರು. ಆ ಮೇಲೆ ರಾಜ್ಯದಲ್ಲಿ ಹೊಸ ಡಿಓಗಳಿಗೆ ಲೈಸೆನ್ಸೇ ಇಲ್ಲ ಅಂದ್ರು. ರಾಜ್ಯದ ಸುಪ್ರೀಂ ಕೋರ್ಟು ಆ ಬಾಗಿಲು ಮತ್ತೆ ತೆರೆಸಿದ್ದು 1974ರಲ್ಲಿ.

ದೊಡ್ಡಪ್ಪ: 65 ಡಾಲರಿಗೆ ಅಳಿಸಿ ಹೋದ ವ್ಯತ್ಯಾಸಕ್ಕೆ ನೀನು ಇವತ್ತು ಎರಡೆರಡು ಪರೀಕ್ಷೆ ಬರೀಬೇಕು ಅಂತಿದ್ದೀಯಲ್ಲ!

ಅವರು ನಕ್ಕರು. ಅವಳು ನಗಲಿಲ್ಲ. ದೊಡ್ಡವರ ಚಟಾಕಿಯಲ್ಲಿ ಕೆಲವೊಮ್ಮೆ ಇಡೀ ಸಮಸ್ಯೆಯೇ ಅಡಗಿರುತ್ತದೆ, ಹೇಳಿದವರಿಗೇ ಅದು ಗೊತ್ತಿರುವುದಿಲ್ಲ.

ಹುಡುಗಿ: ಒಂದು ತಿಳ್ಕೊಳ್ಳಿ, ನನಗೆ ‘ಇದೋ ಅದೋ’ ಅನ್ನೋ ಆಯ್ಕೆ ಇಲ್ಲ. ನಮ್ಮ ಪರೀಕ್ಷೆಗೆ ಕಾಮ್ಲೆಕ್ಸ್ ಅಂತಾರೆ. ಲೆವೆಲ್ 1, ಲೆವೆಲ್ 2 ಪಾಸಾಗದೆ ಪದವಿ ಕೊಡಲ್ಲ, ಲೆವೆಲ್ 3 ರೆಸಿಡೆನ್ಸಿಗೆ ಸೇರಿದ ಮೇಲೆ. ಎಂಡಿಗಳದು ಯುಎಸ್‌ಎಂಎಲ್‌ಇ. ಅದರಲ್ಲಿ ಸ್ಟೆಪ್ 1, ಸ್ಟೆಪ್ 2 ಸಿಕೆ, ಸ್ಟೆಪ್ 3. ನಾವು ಬೇಕಾದ್ರೆ ಅದನ್ನೂ ಬರೀಬಹುದು. ಬರೀಲೇಬೇಕು ಅಂತ ಎಲ್ಲೂ ಇಲ್ಲ. ಲೈಸೆನ್ಸಿಗೆ ಕಾಮ್ಲೆಕ್ಸ್ ಒಂದೇ ಸಾಕು.

ದೊಡ್ಡಪ್ಪ: ಸ್ಟೆಪ್ ಪರೀಕ್ಷೆ ನನಗೆ ಗೊತ್ತು. ಬೆಂಗಳೂರಲ್ಲೇ ಪ್ರೊಮೆಟ್ರಿಕ್ ಕೇಂದ್ರದಲ್ಲಿ ನಮ್ಮ ಎಂಬಿಬಿಎಸ್ ಹುಡುಗರು ಬರೀತಾರೆ. ಲೈಸೆನ್ಸಿಗೆ ನಿಮ್ಮದೇ ಸಾಕು ಅಂದ ಮೇಲೆ ಇನ್ನೇನು ತಲೆನೋವು?

ಹುಡುಗಿ: ಲೈಸೆನ್ಸ್ ಸಿಗುತ್ತೆ, ಸೀಟು ಸಿಗಬೇಕಲ್ಲ. ರೆಸಿಡೆನ್ಸಿ ನಡೆಸೋ ಡಾಕ್ಟರಿಗೆ ನೂರಾರು ಅರ್ಜಿ ಬಂದಿರ್ತವೆ. ಸ್ಟೆಪ್ 2ರಲ್ಲಿ 250 ಅಂದ್ರೆ ಏನು ಅಂತ ಅವರಿಗೆ ನಿದ್ದೇಲಿ ಕೇಳಿದ್ರೂ ಗೊತ್ತು. ಲೆವೆಲ್ 2ರಲ್ಲಿ 600 ಅಂದ್ರೆ ಗೊತ್ತಿರಲ್ಲ. ಅದು ಬೇರೆ ಮಾಪನ. ಪಾಸಾಗೋಕೆ 400 ಬೇಕು.

ದೊಡ್ಡಪ್ಪ: ಪರ್ಸೆಂಟೈಲ್ ಹಾಕಿ ಹೋಲಿಸಲಿ.

ಹುಡುಗಿ: ಡಾಕ್ಟರಾಗಿ ನೀವೇ ಹೀಗಂತೀರಾ? ಬೇರೆ ಜನ ಬರೆದ ಬೇರೆ ಪರೀಕ್ಷೆ. ನಮ್ಮಲ್ಲಿ 80ನೇ ಪರ್ಸೆಂಟೈಲ್ ಅಂದ್ರೆ ಡಿಓ ವಿದ್ಯಾರ್ಥಿಗಳ ನಡುವೆ 80. ಅದು ಎಂಡಿಗಳ ನಡುವೆ ಎಷ್ಟಾಗುತ್ತೆ ಅಂತ ಯಾರು ಹೇಳಬೇಕು? ಕೆಲವರು ಸೂತ್ರ ಹಾಕಿ ಪರಿವರ್ತಿಸ್ತಾರೆ, ಕೆಲವರಿಗೆ ಅಷ್ಟು ಪುರುಸೊತ್ತಿಲ್ಲ. ಯುಎಸ್‌ಎಂಎಲ್‌ಇ ಅಂಕ ಇಲ್ಲದ ಅರ್ಜಿಯನ್ನ ಕಂಪ್ಯೂಟರೇ ಪಕ್ಕಕ್ಕಿಡುತ್ತೆ.

ದೊಡ್ಡಪ್ಪ: ಅಂದ್ರೆ ತಪ್ಪು ಅವರದು, ದಂಡ ಕಟ್ಟೋದು ನೀನು.

ಹುಡುಗಿ: ಹೂಂ. ಡಿಓಗಳಿಗೆ, ಕಾಮ್ಲೆಕ್ಸಿಗೆ ಸಮಾನ ಅವಕಾಶ ಕೊಡಬೇಕು ಅಂತ 2023ರಲ್ಲಿ ಅಲ್ಲಿನ ಕಾಂಗ್ರೆಸ್ಸಿನಲ್ಲಿ ಒಂದು ಮಸೂದೆನೂ ಬಂತು. ಆ ಸದನದ ಅವಧಿ ಮುಗಿದರೂ ಪಾಸಾಗಲಿಲ್ಲ. ಅದು ಕಾಯ್ದೆ ಆಗೋವರೆಗೂ ನಾನು ಕಾಯೋಕಾಗುತ್ತಾ?

ದೊಡ್ಡಪ್ಪ: ನಿನ್ನನ್ನ ಕಾಯಿ ಅನ್ನಲ್ಲ. ಆದ್ರೆ ಲೈಸೆನ್ಸ್ ಪರೀಕ್ಷೆ ಯಾತಕ್ಕಿದೆ ಅನ್ನೋದನ್ನ ಯೋಚಿಸು. ಈ ಮನುಷ್ಯನ ಕೈಗೆ ರೋಗಿ ಕೊಟ್ಟರೆ ಅಪಾಯ ಇಲ್ಲ ತಾನೇ ಅಂತ ನೋಡೋಕೆ. ಇವನು ಅವನಿಗಿಂತ ಮೇಲೋ ಕೆಳಗೋ ಅಂತ ಅಳೆಯೋಕಲ್ಲ. ಅದನ್ನ ಸೀಟು ಹಂಚೋ ಜರಡಿ ಮಾಡಿಕೊಂಡ ದಿನವೇ ಕೆಟ್ಟಿತು.

ಹುಡುಗಿ: ಅದಕ್ಕೇ ಸ್ಟೆಪ್ 1ರ ಅಂಕ ತೆಗೆದುಹಾಕಿದ್ರು. 2022ರ ಜನವರಿಯಿಂದ ಬರೀ ಪಾಸು, ಫೇಲು. ಅದೇ ವರ್ಷ ಮೇ ತಿಂಗಳಿಂದ ನಮ್ಮ ಲೆವೆಲ್ 1 ಕೂಡ ಹಾಗೇ ಆಯ್ತು.

ದೊಡ್ಡಪ್ಪ: ಒಳ್ಳೇದಾಯ್ತಲ್ಲ?

ಹುಡುಗಿ: ಏನೊಳ್ಳೇದು? ಭಾರವೆಲ್ಲ ಸ್ಟೆಪ್ 2ರ ಮೇಲೆ ಬಿತ್ತು. ಮುಂಚೆ ಸ್ಟೆಪ್ 1ರಲ್ಲಿ ಎಡವಿದ್ರೆ ಸ್ಟೆಪ್ 2ರಲ್ಲಿ ಎದ್ದು ನಿಲ್ಲಬಹುದಿತ್ತು. ಈಗ ಇರೋ ಅಂಕವೇ ಒಂದು. ಅದು ಬರೋದು ಮೂರನೇ ವರ್ಷ ಮುಗಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕೋ ಹೊತ್ತಿಗೆ. ಕಡಿಮೆ ಬಂದ್ರೆ ಯೋಜನೆ ಬದಲಾಯಿಸೋಕೂ ಸಮಯ ಇರಲ್ಲ.

ಇಲ್ಲಿ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ನಮ್ಮ ದೇಶದ ಕಡೆ ಹೊರಳಿದರು. ಕರ್ನಾಟಕದಲ್ಲಿ ಪಿಜಿ ಸೀಟಿಗಾಗಿ ಒದ್ದಾಡಿದ ಯಾವ ಮನೆಯವರನ್ನು ಕೇಳಿದರೂ ಈ ಕಥೆ ಹೇಳಿಯಾರು.

ದೊಡ್ಡಪ್ಪ: ನಿಮ್ಮಣ್ಣ, ನನ್ನ ಮಗ, ಪಿಜಿ ಪರೀಕ್ಷೆ ಬರೆದಿದ್ದು 2011ರ ಸುಮಾರಿಗೆ. ಆಗ ಆಲ್ ಇಂಡಿಯಾದ್ದು ಒಂದು ಪರೀಕ್ಷೆ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ್ದು ಒಂದು. ಖಾಸಗಿ ಕಾಲೇಜುಗಳಿಗೆ ಕಾಮೆಡ್‌ಕೆ. ಮಣಿಪಾಲದ್ದೇ ಬೇರೆ, ಸೇಂಟ್ ಜಾನ್ಸ್‌ದೇ ಬೇರೆ, ಏಮ್ಸ್, ಜಿಪ್ಮರ್ ಇನ್ನೂ ಬೇರೆ. ಒಂದು ಚಳಿಗಾಲ ಪೂರ್ತಿ ಬಸ್ಸು, ರೈಲಲ್ಲೇ ಓದಿದ. ಆಮೇಲೆ ಎಲ್ಲಕ್ಕೂ ಒಂದೇ ಅಂತ ನೀಟ್ ತಂದ್ರು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನ ಹೊಡೆದು ಹಾಕ್ತು. 2016ರಲ್ಲಿ ತಾನೇ ಆ ತೀರ್ಪು ವಾಪಸ್ ತಗೊಂಡಿತು. 2017ರ ಪ್ರವೇಶದಿಂದ, ಏಮ್ಸ್, ಜಿಪ್ಮರ್ ಥರದವನ್ನ ಬಿಟ್ಟರೆ, ನೀಟ್ ಪಿಜಿಯೇ ಗತಿ.

ಹುಡುಗಿ: ಅಣ್ಣ ಅಷ್ಟೆಲ್ಲ ಬರೆದಾಗ ಯಾರೂ ‘ದಂಡ ಕಟ್ತಾ ಇದ್ದೀಯ’ ಅನ್ನಲಿಲ್ಲ. ಪರಿಶ್ರಮ ಅಂದ್ರಿ. ನಾನು ಒಂದು ಹೆಚ್ಚಿಗೆ ಬರೀತೀನಿ ಅಂದ್ರೆ ದಂಡವಾ?

ದೊಡ್ಡಪ್ಪ: ಅವನದಕ್ಕೂ ನಿನ್ನದಕ್ಕೂ ಒಂದು ವ್ಯತ್ಯಾಸ ಇದೆ ಕಣಮ್ಮ. ಅವನು ಕಾಮೆಡ್‌ಕೆಯಲ್ಲಿ ಮಣ್ಣು ಮುಕ್ಕಿದ್ರೆ ಮಣಿಪಾಲದವರಿಗೆ ಗೊತ್ತಾಗ್ತಾ ಇರಲಿಲ್ಲ. ನೀನು ಸ್ಟೆಪ್‌ನಲ್ಲಿ ಫೇಲಾದ್ರೆ?

ಹುಡುಗಿ: ...ಅಂಕಪಟ್ಟಿ ಕಳಿಸೋದು ಬಿಡೋದು ನನಗೆ ಬಿಟ್ಟಿದ್ದು. ಆದ್ರೆ ಕಳಿಸಿದ್ರೆ ಎಲ್ಲ ಹೋಗುತ್ತೆ. ಸ್ಟೆಪ್ 1 ಫೇಲ್ ಆಗಿದ್ದನ್ನ ಬಚ್ಚಿಟ್ಟು ಸ್ಟೆಪ್ 2 ಮಾತ್ರ ತೋರಿಸೋಕಾಗಲ್ಲ.

ದೊಡ್ಡಪ್ಪ: ಅದನ್ನೇ ನಾನು ಹೇಳ್ತಿರೋದು. ಎರಡನೇ ಪರೀಕ್ಷೆ ಬರೀ ಲಾಭದ ಚೀಟಿ ಅಲ್ಲ. ಪಾಸಾದ್ರೆ ಇನ್ನಷ್ಟು ಕಾಲೇಜಿನವರು ನಿನ್ನ ಅರ್ಜಿ ಓದ್ತಾರೆ. ಫೇಲಾದ್ರೆ, ಕಾಮ್ಲೆಕ್ಸ್ ಒಂದನ್ನೇ ನಂಬಿ ಕರೀತಿದ್ದವರ ಮುಂದೆನೂ ನೀನು ಏನೋ ಮುಚ್ಚಿಟ್ಟ ಹಾಗೆ ನಿಲ್ಲಬೇಕಾಗುತ್ತೆ.

ಹುಡುಗಿ: ಫೇಲಾಗ್ತೀನಿ ಅಂತಲೇ ಯಾಕೆ ಲೆಕ್ಕ ಹಾಕ್ತೀರಾ?

ದೊಡ್ಡಪ್ಪ: ಡಾಕ್ಟರು ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸಿಕೊಳ್ಳಲ್ವಾ? ಸಾಯ್ತಾನೆ ಅಂತಲ್ಲ. ಸರಿ, ಎರಡಕ್ಕೂ ಓದೋದು ಎಷ್ಟು ಬೇರೆ ಹೇಳು.

ಹುಡುಗಿ: ಮುಕ್ಕಾಲು ಪಾಲು ಒಂದೇ ಓದು. ಒಂದೇ ಯೂವರ್ಲ್ಡ್ ಪ್ರಶ್ನೆ ಭಂಡಾರ, ‘ಫಸ್ಟ್ ಏಡ್’ ಅನ್ನೋ ಒಂದೇ ತಯಾರಿ ಪುಸ್ತಕ. ಕಾಮ್ಲೆಕ್ಸಿಗೆ ಮೇಲಿಂದ ಕೈಚಿಕಿತ್ಸೆಯ ಪ್ರಶ್ನೆ ಬರ್ತವೆ. ಯಾವ ಅಂಗ ಕೆಟ್ಟರೆ ಬೆನ್ನುಮೂಳೆಯ ಯಾವ ಮಟ್ಟದಲ್ಲಿ ಬಿಗಿತ ಕಾಣುತ್ತೆ, ಒಳಗಿನ ರೋಗದ ಗುರುತು ಅನ್ನೋ ಚಾಪ್‌ಮನ್ ಬಿಂದುಗಳು ಎಲ್ಲೆಲ್ಲಿವೆ, ಹೀಗೆ. ತುಂಬಾ ಜನ ಮೇ–ಜೂನ್‌ನಲ್ಲಿ ಸ್ಟೆಪ್ ಮೊದಲು ಬರೀತಾರೆ. ಮುಂದಿನ ಒಂದು ವಾರ ಕೈಚಿಕಿತ್ಸೆ ಮಾತ್ರ ಉರು ಹೊಡೆದು ಕಾಮ್ಲೆಕ್ಸ್ ಬರೀತಾರೆ.

ದೊಡ್ಡಪ್ಪ: ಎಷ್ಟು ಹೊತ್ತಿನ ಪರೀಕ್ಷೆ?

ಹುಡುಗಿ: ಎರಡೂ ಒಂದೊಂದು ದಿನ ಪೂರ್ತಿ. ಲೆವೆಲ್ 1ರಲ್ಲಿ 352 ಪ್ರಶ್ನೆ. ಸ್ಟೆಪ್ 1ರಲ್ಲಿ 280ಕ್ಕೆ ಮೀರಲ್ಲ, ಆದ್ರೆ ಒಂದೊಂದು ಪ್ರಶ್ನೆನೂ ಮಾರುದ್ದ. ನಮ್ಮದರಲ್ಲಿ ಪ್ರಶ್ನೆ ಗಿಡ್ಡ. ಏನು ಕೇಳಿದ್ದಾರೆ ಅಂತ ಊಹಿಸೋದೇ ಅರ್ಧ ಕೆಲಸ. ಒಂದೊಂದಕ್ಕೂ ಏಳುನೂರು ಡಾಲರ್ ಆಸುಪಾಸು ಫೀಸು.

ದೊಡ್ಡಪ್ಪ: ಅರವತ್ತು ಸಾವಿರ ರೂಪಾಯಿ! ಹೋಗಲಿ, ಸಾಲದ ಹೊರೆಯಲ್ಲಿ ಅದು ಚಿಲ್ಲರೆ. ನನಗೆ ಬೇರೆ ಚಿಂತೆ. ನೀನು ನಂಬಿಕೆ ಇಟ್ಟು ಓದ್ತಿರೋದು ಯಾವುದು? ಆ ಕೈಚಿಕಿತ್ಸೆ ನಿನಗೆ ನಿಜವಾಗಿ ಬೇಕಾ, ಇಲ್ಲಾ ಎಂಡಿ ಸೀಟು ಸಿಗದೆ ಅಲ್ಲಿ ಹೋದೆಯಾ?

ಹುಡುಗಿ: ಎಂಡಿ ಸೀಟು ಸಿಗಲಿಲ್ಲ. ಸಿಕ್ಕಿದ್ರೆ ಅಲ್ಲಿಗೇ ಹೋಗ್ತಿದ್ದೆ. ನನ್ನ ತರಗತಿಯಲ್ಲಿ ಅರ್ಧ ಜನರ ಕಥೆ ಅದೇ, ಹೇಳಲ್ಲ ಅಷ್ಟೆ. ಆದ್ರೆ ಈಗ ಕೈಯಿಂದ ರೋಗಿಯನ್ನ ಮುಟ್ಟಿ ನೋಡೋದನ್ನ ಕಲಿಸಿದ ಮೇಲೆ, ಅದನ್ನ ಬಿಟ್ಟು ಸ್ಕ್ಯಾನ್ ಮಾತ್ರ ನೋಡೋ ಡಾಕ್ಟರಾಗೋಕೆ ಮನಸ್ಸಿಲ್ಲ. ಚಾಪ್‌ಮನ್ ಬಿಂದುಗಳನ್ನ ನಂಬ್ತೀಯಾ ಅಂತ ಮಾತ್ರ ಕೇಳಬೇಡಿ.

ದೊಡ್ಡಪ್ಪ: ಕೇಳಲ್ಲ. ನಾನೂ ಪರೀಕ್ಷೆಗೆ ಅಂತ ಎಷ್ಟೋ ಬರೆದಿದ್ದೀನಿ. ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ಬೇಕಿರೋದು ಆರ್ಥೋ ಸೀಟಾ, ಎಂಡಿಗಳ ಪರೀಕ್ಷೆಯಲ್ಲಿ ಎಂಡಿಗಳನ್ನ ಮೀರಿಸಿ ತೋರಿಸೋದಾ?

ಇದಕ್ಕೆ ಅವಳು ತಕ್ಷಣ ಉತ್ತರ ಕೊಡಲಿಲ್ಲ. ಇಡೀ ಮಾತುಕತೆಯಲ್ಲಿ ನಿಜವಾಗಿ ನಾಟಿದ ಪ್ರಶ್ನೆ ಇದು ಅಂತ ನನಗನ್ನಿಸಿತು. ಆದರೆ ಅವಳು ಕೊಟ್ಟ ಉತ್ತರವೂ ಸಣ್ಣದಲ್ಲ.

ಹುಡುಗಿ: ಎರಡೂ ಬೇಕು. ಬೇಡ ಅಂದ್ರೆ ಸುಳ್ಳಾಗುತ್ತೆ. ಆಸ್ಪತ್ರೇಲಿ ನನ್ನ ಕೋಟಿನ ಮೇಲೆ ಡಿಓ ಅಂತ ಓದಿ, ‘ಅಂದ್ರೆ ಏನು?’ ಅಂತ ರೋಗಿ ಕೇಳ್ತಾರೆ. ಪ್ರತಿಸಲ ವಿವರಿಸಬೇಕು. ಸ್ಟೆಪ್ ಅಂಕ ಇದ್ದರೆ ಕೊನೇಪಕ್ಷ ಡಾಕ್ಟರುಗಳಿಗಾದ್ರೂ ವಿವರಿಸೋ ಕಷ್ಟ ತಪ್ಪುತ್ತೆ. ಅದನ್ನ ನೀವು ಅಹಂಕಾರ ಅಂತೀರಾ?

ದೊಡ್ಡಪ್ಪ: ಅಹಂಕಾರ ಅನ್ನಲ್ಲ. ಅದಕ್ಕೆ ಎಷ್ಟು ಬೆಲೆ ಕೊಡ್ತೀಯ ಅಂತ ನೋಡಿಕೋ ಅಂತೀನಿ. ರೆಸಿಡೆನ್ಸಿ ಸೀಟು ಹಂಚೋ ಆ ಮ್ಯಾಚ್‌ನಲ್ಲಿ ನಿಮ್ಮವರಿಗೆ ಸೀಟು ಸಿಗೋದೇ ಕಡಿಮೆಯಾ?

ಹುಡುಗಿ: ಒಟ್ಟಾರೆ ನೋಡಿದ್ರೆ ಇಲ್ಲ. 2024ರಲ್ಲಿ ಕೊನೇ ವರ್ಷದ ಎಂಡಿ ವಿದ್ಯಾರ್ಥಿಗಳಲ್ಲಿ ಶೇ 93.5 ಮಂದಿಗೆ ಸಿಕ್ಕಿತು, ಡಿಓಗಳಲ್ಲಿ ಶೇ 92.3.

ದೊಡ್ಡಪ್ಪ: ಆಮೇಲೇನು? ಅಷ್ಟು ಸಣ್ಣ ಅಂತರಕ್ಕೆ ಇಷ್ಟು ಗಲಾಟೆನಾ?

ಹುಡುಗಿ: ಆ ಲೆಕ್ಕದಲ್ಲಿ ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಮಕ್ಕಳ ವಿಭಾಗ ಎಲ್ಲ ಸೇರಿವೆ. ಆರ್ಥೋ, ಚರ್ಮ, ನರ ಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಅಂತ ಬಿಡಿಸಿ ನೋಡಿ, ಆಗ ಡಿಓಗಳು ತೆಳ್ಳಗಾಗ್ತಾರೆ. ಮುಂಚೆ ಡಿಓ ಸಂಸ್ಥೆಗಳೇ ನಡೆಸ್ತಿದ್ದ ಆರ್ಥೋ ರೆಸಿಡೆನ್ಸಿಗಳಿದ್ದವು, ಅಲ್ಲಿ ನಮ್ಮವರಿಗೆ ಮಾತ್ರ ಸೀಟು. 2015ರಿಂದ 2020ರೊಳಗೆ ಎರಡೂ ಕಡೆಯ ರೆಸಿಡೆನ್ಸಿಗಳನ್ನ ಒಂದೇ ಮಾನ್ಯತೆಯ ಕೆಳಗೆ ತಂದ್ರು. ಸಮಾನತೆ ಬಂತು ಅಂತ ಎಲ್ಲರೂ ಖುಷಿಪಟ್ರು. ನಮಗೆ ಅಂತ ಇದ್ದ ಸೀಟಿಗೂ ಎಂಡಿಗಳು ಅರ್ಜಿ ಹಾಕೋ ಹಾಗಾಯ್ತು.

ದೊಡ್ಡಪ್ಪ: ಆ ಕಾರ್ಯಕ್ರಮಗಳು ಇನ್ನೂ ಇವೆ ತಾನೇ? ಡಿಓ ಪ್ರೊಫೆಸರುಗಳು?

ಹುಡುಗಿ: ತುಂಬಾ ಇದ್ದಾರೆ. ಅಲ್ಲೆಲ್ಲ ಕಾಮ್ಲೆಕ್ಸ್ ಅಂಕ ಓದೋಕೆ ಬರುತ್ತೆ.

ದೊಡ್ಡಪ್ಪ: ಸರಿ. ಇನ್ನೊಂದು ದಾರಿ ಇದೆ, ಬೈಬೇಡ. ಮಕ್ಕಳ ಡಾಕ್ಟರೋ ಫ್ಯಾಮಿಲಿ ಡಾಕ್ಟರೋ ಆಗಬಾರದಾ? ಇಂಟರ್ನಲ್ ಮೆಡಿಸಿನ್ನೂ ಸೇರಿಸಿದ್ರೆ ಡಿಓಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಅದನ್ನೇ ಮಾಡ್ತಾರೆ ಅಂತ ನೀನೇ ಹೇಳಿದ್ದೆ. ಆ ಸೀಟುಗಳು ಪ್ರತಿವರ್ಷ ನೂರಾರು ಖಾಲಿ ಉಳೀತವಂತೆ. ಅಲ್ಲಿ ಎರಡನೇ ಪರೀಕ್ಷೆ ಕೇಳೋರು ಕಡಿಮೆ. ಹಳ್ಳಿ ಜನಕ್ಕೆ ಡಾಕ್ಟರು ಬೇಕು, ಅಮೆರಿಕದಲ್ಲೂ ಬೇಕು, ತಿಪ್ಪಸಂದ್ರದಲ್ಲೂ ಬೇಕು.

ಹುಡುಗಿ: ಅಣ್ಣ ರೇಡಿಯಾಲಜಿ ಸೇರಿದಾಗ ನೀವು ಈ ಮಾತು ಹೇಳಿದ ನೆನಪು ಯಾರಿಗೂ ಇಲ್ಲ. ದೊಡ್ಡಮ್ಮನ್ನ ಕರೆದು ಕೇಳ್ಲಾ?

ದೊಡ್ಡಪ್ಪ: ಕರೀಬೇಡ.

ಹುಡುಗಿ: ಇಲ್ಲಿ 2012ರಲ್ಲಿ ಕಾಯ್ದೆ ಮಾಡಿ ಒಂದು ವರ್ಷ ಹಳ್ಳಿ ಸೇವೆ ಕಡ್ಡಾಯ ಮಾಡಿದ್ರಲ್ಲ, ಅಣ್ಣನ ಸ್ನೇಹಿತರು ಕೋರ್ಟಿಗೆ ಹೋಗೋದಾ ದಂಡ ಕಟ್ಟೋದಾ ಅಂತ ನಿಮ್ಮ ಜಗಲಿ ಮೇಲೇ ಕೂತು ಮಾತಾಡಿದ್ದು ನನಗೆ ಗೊತ್ತು. ಗಂಡು ಹುಡುಗ ದೊಡ್ಡ ಸೀಟು ಹಿಡಿದ್ರೆ ಸಾಧನೆ, ಹೆಣ್ಣು ಹುಡುಗಿ ಆರ್ಥೋ ಅಂದ್ರೆ ‘ಫ್ಯಾಮಿಲಿ ಡಾಕ್ಟರ್ ಆಗಬಾರದಾ’. ಮೂಳೆ ವಿಭಾಗದಲ್ಲಿ ಅಲ್ಲೂ ಹೆಂಗಸರು ಕಡಿಮೆ. ಡಿಓ, ಹೆಣ್ಣು, ಅದರ ಮೇಲೆ ಬರೀ ಕಾಮ್ಲೆಕ್ಸ್ ಅಂದ್ರೆ, ಬೇಡ ಅನ್ನೋಕೆ ಮೂರು ಕಾರಣ ನಾನೇ ಕೊಟ್ಟ ಹಾಗಾಗುತ್ತೆ. ಮೂರರಲ್ಲಿ ನನ್ನ ಕೈಲಿ ತೆಗೆಯೋಕಾಗೋದು ಒಂದೇ.

ದೊಡ್ಡಪ್ಪನ ಬಳಿ ಇದಕ್ಕೆ ಉತ್ತರ ಇರಲಿಲ್ಲ. ಇದ್ದಿದ್ದರೂ ಹೇಳುವ ಧೈರ್ಯ ಮಾಡುತ್ತಿರಲಿಲ್ಲ. ಒಳಗಿನಿಂದ ಕಾಫಿ ಬಂತು. ಲೋಟ ಕೆಳಗಿಟ್ಟ ಮೇಲೆ ಅವರು ಬೇರೆ ಕಡೆಯಿಂದ ಹಿಡಿದರು.

ದೊಡ್ಡಪ್ಪ: ಆ ಎರಡನ್ನೂ, ಸ್ಟೆಪ್ 1, ಸ್ಟೆಪ್ 2, ಸಾಲಾಗಿ ಬರೀಲೇಬೇಕಾ? ಸ್ಟೆಪ್ 1ಕ್ಕೆ ಅಂಕವೇ ಇಲ್ಲ ಅಂದೆ. ಅಂಕವಿಲ್ಲದ ಪರೀಕ್ಷೆ ಬರೆದು ಏನು ತೋರಿಸ್ತೀಯ?

ಹುಡುಗಿ: ಸಾಲಾಗಿ ಬರೀಬೇಕು ಅಂತೇನಿಲ್ಲ. ಯಾವುದನ್ನ ಬೇಕಾದ್ರೂ ಮೊದಲು ಬರೀಬಹುದು. ಸ್ಟೆಪ್ 1 ಬಿಟ್ಟು ಸ್ಟೆಪ್ 2 ಮಾತ್ರ ಬರೆಯೋ ಡಿಓಗಳಿದ್ದಾರೆ. ನಮ್ಮ ಲೈಸೆನ್ಸು ಕಾಮ್ಲೆಕ್ಸಿಂದ ಬರೋದ್ರಿಂದ ಸ್ಟೆಪ್ 3ರ ಗೊಡವೆಯೂ ಇಲ್ಲ.

ದೊಡ್ಡಪ್ಪ: ಮತ್ತೆ ಅದೇ ಸರಿ ಅಲ್ವಾ? ಈಗ ಜೂನ್‌ನಲ್ಲಿ ನಿಮ್ಮ ಲೆವೆಲ್ 1 ಒಂದನ್ನೇ ನೆಮ್ಮದಿಯಾಗಿ ಬರಿ. ಮುಂದಿನ ವರ್ಷ ಆಸ್ಪತ್ರೆ ಸುತ್ತು ಮುಗಿದು ಕೈ ಪಳಗಿದ ಮೇಲೆ ಸ್ಟೆಪ್ 2 ಬರಿ. ಅಂಕ ಸಿಗೋದು ಅಲ್ಲೇ ತಾನೇ?

ಹುಡುಗಿ: ಹೇಳಿದಷ್ಟು ಸುಲಭ ಇಲ್ಲ. ಕೆಲವು ಕಡೆ ಸ್ಟೆಪ್ 1 ಪಾಸಾಗಿರಬೇಕು ಅಂತ ಕೇಳ್ತಾರೆ, ಬರೀ ಸ್ಟೆಪ್ 2 ಇದ್ರೆ ಒಪ್ಪಲ್ಲ. ಇನ್ನೊಂದು, ಆ ಉದ್ದುದ್ದ ಪ್ರಶ್ನೆಗಳ ಅಭ್ಯಾಸ ನನಗೆ ಸ್ಟೆಪ್ 1ರಲ್ಲೇ ಆಗಿಬಿಟ್ರೆ ಒಳ್ಳೇದು. ಅಂಕಕ್ಕೆ ಬೆಲೆ ಇರೋ ದಿನವೇ ಮೊದಲ ಸಲ ಆ ಪರೀಕ್ಷೆ ಬರೆಯೋದು ಯಾವ ಜಾಣತನ?

ದೊಡ್ಡಪ್ಪ: ಅಭ್ಯಾಸಕ್ಕೆ ನಿಜವಾದ ಪರೀಕ್ಷೆನೇ ಬೇಕಾ? ಎಂಡಿಗಳ ಪರೀಕ್ಷೆ ಮಾಡೋ ಸಂಸ್ಥೆಯೇ ಸ್ವಯಂ ಪರೀಕ್ಷೆಗಳನ್ನ ಮಾರುತ್ತೆ ಅಂತ ನಮ್ಮ ಹುಡುಗರು ಹೇಳ್ತಾರೆ. ಅದರಲ್ಲಿ ಏಟು ತಿಂದ್ರೆ ದಾಖಲೆ ಇರಲ್ಲ.

ಹುಡುಗಿ: ಅದು ಒಪ್ಪಿದೆ. ಏಪ್ರಿಲ್‌ನಲ್ಲಿ ಒಂದು, ಮೇನಲ್ಲಿ ಒಂದು ಹಾಕಿಕೊಂಡಿದ್ದೀನಿ. ಅದರಲ್ಲಿ ಪಾಸಿನ ಗೆರೆಯಿಂದ ಆರಾಮಾಗಿ ಮೇಲಿದ್ರೆ ಮಾತ್ರ ಸ್ಟೆಪ್ 1.

ದೊಡ್ಡಪ್ಪ: ಇಷ್ಟು ಹೊತ್ತಿಗೆ ನೀನು ಹೇಳಿದ ಮಾತಲ್ಲಿ ಇದೊಂದು ತೂಕದ್ದು. ಈಗ ಇನ್ನೊಂದು ತೂಕದ ವಿಷಯ. ಒಬ್ಬರು ಎಷ್ಟು ಕಡೆ ಅರ್ಜಿ ಹಾಕ್ತಾರೆ?

ಹುಡುಗಿ: ಎಷ್ಟು ಕಡೆ ಬೇಕಾದ್ರೂ. ಆದ್ರೆ ‘ನಿಮ್ಮಲ್ಲಿ ನನಗೆ ನಿಜವಾಗಿ ಆಸಕ್ತಿ ಇದೆ’ ಅಂತ ಸಂಕೇತ ಕಳಿಸೋ ಒಂದು ಏರ್ಪಾಡಿದೆ. ಆರ್ಥೋದಲ್ಲಿ ಒಬ್ಬರಿಗೆ 30 ಸಂಕೇತ. ಸಂಕೇತ ಇಲ್ಲದ ಕಡೆಯಿಂದ ಸಂದರ್ಶನಕ್ಕೆ ಕರೆ ಬರೋದು ಅಪರೂಪ.

ದೊಡ್ಡಪ್ಪ: ಅಂದ್ರೆ ಲೆಕ್ಕಕ್ಕೆ ಬರೋದು 30 ಆಸ್ಪತ್ರೆ. ಇಡೀ ಅಮೆರಿಕ ಅಲ್ಲ. ಆ ಮೂವತ್ತರಲ್ಲಿ ಎಷ್ಟು ಕಡೆ ಕಾಮ್ಲೆಕ್ಸ್ ಒಂದನ್ನೇ ಒಪ್ತಾರೆ, ಎಷ್ಟು ಕಡೆ ಹಿಂದಿನ ವರ್ಷಗಳಲ್ಲಿ ಡಿಓಗಳನ್ನ ತಗೊಂಡಿದ್ದಾರೆ, ಆ ಪಟ್ಟಿ ಮಾಡಿದ್ದೀಯಾ?

ಹುಡುಗಿ: ...ಇನ್ನೂ ಇಲ್ಲ.

ದೊಡ್ಡಪ್ಪ: ಅಯ್ಯೋ! ಯಾರು ಓದ್ತಾರೆ ಅಂತ ನೋಡದೆ ಏನು ಬರೀಬೇಕು ಅಂತ ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೀಯಲ್ಲಮ್ಮ. ಮೂವತ್ತರಲ್ಲಿ ಇಪ್ಪತ್ತೈದು ಕಡೆ ಕಾಮ್ಲೆಕ್ಸ್ ಒಪ್ಪಿದ್ರೆ ಸ್ಟೆಪ್ ಬರೆದು ಯಾರನ್ನ ಮೆಚ್ಚಿಸಬೇಕು? ಐದೇ ಕಡೆ ಒಪ್ಪಿದ್ರೆ ಚರ್ಚೆನೇ ಬೇಡ, ಬರಿ.

ಹುಡುಗಿ: ನೀವು ಹೇಳೋದು ಅರ್ಧ ಸರಿ. ನಾನು ಅರ್ಜಿ ಹಾಕೋದು ಇನ್ನೂ ಎರಡು ವರ್ಷಕ್ಕೆ. ಅಷ್ಟರಲ್ಲಿ ನಿರ್ದೇಶಕರು ಬದಲಾಗ್ತಾರೆ, ನಿಯಮ ಬದಲಾಗುತ್ತೆ. ವೆಬ್‌ಸೈಟಲ್ಲಿ ‘ಎರಡೂ ಒಪ್ತೀವಿ’ ಅಂತ ಬರೆದು ಒಳಗೆ ಯುಎಸ್‌ಎಂಎಲ್‌ಇ ಇದ್ದವರನ್ನೇ ಕರೆಯೋರಿದ್ದಾರೆ. ಬರೆದಿಟ್ಟ ನೀತಿ ಒಂದು, ನಡೆಯೋದು ಇನ್ನೊಂದು ಅನ್ನೋದನ್ನ ಸರ್ಕಾರಿ ಕೆಲಸದಲ್ಲಿದ್ದ ನಿಮಗೆ ನಾನು ಹೇಳಿಕೊಡಬೇಕಾ?

ದೊಡ್ಡಪ್ಪ: ಅದಕ್ಕೇ ಎರಡನೇ ಕಲಮು ಹೇಳಿದ್ದು. ಅವರು ಏನು ಬರೆದಿದ್ದಾರೆ ಅನ್ನೋದಲ್ಲ, ಯಾರನ್ನ ತಗೊಂಡಿದ್ದಾರೆ ನೋಡು. ಈಗ ಅಲ್ಲಿರೋ ಡಿಓ ರೆಸಿಡೆಂಟುಗಳಿಗೆ ಬರೆದು ಕೇಳು, ‘ನೀವು ಸ್ಟೆಪ್ ಬರೆದಿದ್ರಾ’ ಅಂತ. ಹತ್ತು ಜನರಲ್ಲಿ ನಾಲ್ಕು ಜನ ಉತ್ತರ ಕೊಟ್ಟರೂ ನಮ್ಮಿಬ್ಬರ ಈ ಹರಟೆಗಿಂತ ಮೇಲು.

ಹುಡುಗಿ: ನಾಲ್ಕನೇ ವರ್ಷದಲ್ಲಿ ಒಂದೊಂದು ತಿಂಗಳು ಹೋಗಿ ಅವರ ಜೊತೆ ಕೆಲಸ ಮಾಡಿ ತೋರಿಸೋ ಅವಕಾಶನೂ ಇದೆ, ಆಡಿಷನ್ ಅಂತಾರೆ. ಆರ್ಥೋದಲ್ಲಿ ಅದಕ್ಕೆ ಬಹಳ ಬೆಲೆ. ಬೆಳಿಗ್ಗೆ ಐದಕ್ಕೆ ಬರ್ತಾಳಾ, ಆಪರೇಷನ್ ಕೋಣೇಲಿ ಕೈ ನಡುಗುತ್ತಾ, ನರ್ಸುಗಳ ಜೊತೆ ಹೇಗೆ ಮಾತಾಡ್ತಾಳೆ, ಎಲ್ಲ ನೋಡ್ತಾರೆ.

ದೊಡ್ಡಪ್ಪ: ಇಲ್ಲಿ ಅದಿಲ್ಲ ನೋಡು. ನೀಟ್ ಪಿಜಿಯಲ್ಲಿ ರ್‍ಯಾಂಕ್ ಬಂದ್ರೆ ಸೀಟು. ಸುತ್ತಿಗೆ ಹಿಡಿಯೋಕೆ ಬರುತ್ತಾ ಅಂತ ಯಾರೂ ಕೇಳಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಸೀಟು ಖಾಲಿ ಉಳೀಬಾರದು ಅಂತ ಅರ್ಹತೆಯ ಪರ್ಸೆಂಟೈಲನ್ನ ಸೊನ್ನೆಗೆ ಇಳಿಸಿದ್ರು. ಸೊನ್ನೆ! ನಾನು ಪತ್ರಿಕೆ ಎರಡು ಸಲ ಓದಿದೆ. ಈಗ ನೆಕ್ಸ್ಟ್ ಅಂತ ಇನ್ನೊಂದು ಕಾದಿದೆ. 2019ರ ಎನ್‌ಎಂಸಿ ಕಾಯ್ದೆಯಲ್ಲೇ ಬರೆದಿದ್ದಾರೆ, ಎಂಬಿಬಿಎಸ್ ಕೊನೆ ಪರೀಕ್ಷೆ, ಲೈಸೆನ್ಸು, ಪಿಜಿ ಪ್ರವೇಶ ಮೂರಕ್ಕೂ ಅದೊಂದೇ. 2023ರಲ್ಲಿ ಶುರು ಮಾಡ್ತೀವಿ ಅಂದು ಮುಂದಕ್ಕೆ ಹಾಕಿದ್ರು. ನಿನ್ನ ಪಾಡು ನೋಡಿದ ಮೇಲೆ, ಒಂದೇ ಪರೀಕ್ಷೆಗೆ ಅಷ್ಟು ಕೆಲಸ ಹೊರಿಸೋದು ತಪ್ಪು ಅಂತಲೇ ಅನ್ನಿಸುತ್ತೆ.

ಹುಡುಗಿ: ನನಗೆ ಉಲ್ಟಾ ಅನ್ನಿಸುತ್ತೆ. ಎಲ್ಲರಿಗೂ ಒಂದೇ ಪರೀಕ್ಷೆ ಇದ್ದಿದ್ರೆ ನಾನು ಈ ಜಗಲಿ ಮೇಲೆ ಕೂತು ಯಾರು ಯಾವುದನ್ನ ಓದ್ತಾರೆ ಅಂತ ಊಹೆ ಮಾಡ್ತಾ ಇರಲಿಲ್ಲ. ಅಲ್ಲಿ ಮ್ಯಾಚ್ ನಡೆಸೋ ಗಣಿತ ಎಷ್ಟು ಚೆನ್ನಾಗಿದೆ ಗೊತ್ತಾ? ಅದನ್ನ ಹೊಸದಾಗಿ ರೂಪಿಸಿದ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನನ್ನ ಪಟ್ಟಿಯಲ್ಲಿ ಇಷ್ಟದ ಕಾಲೇಜನ್ನ ಮೇಲೆ ಬರೆದ್ರೆ ನನಗೆ ನಷ್ಟ ಆಗದ ಹಾಗೆ ಮಾಡಿದ್ದಾರೆ. ಆದ್ರೆ ಆ ಗಣಿತ ಶುರುವಾಗೋದು ಸಂದರ್ಶನ ಆದ ಮೇಲೆ. ಸಂದರ್ಶನಕ್ಕೆ ಯಾರನ್ನ ಕರೀಬೇಕು ಅನ್ನೋದನ್ನ ಹಳೇ ಜರಡಿನೇ ತೀರ್ಮಾನ ಮಾಡುತ್ತೆ.

ದೊಡ್ಡಪ್ಪ: ಒಂದೇ ಪರೀಕ್ಷೆ ಬಂದ್ರೆ ನಿಮ್ಮ ಕೈಚಿಕಿತ್ಸೆಯ ಪ್ರಶ್ನೆ ಎಲ್ಲಿ ಹೋಗುತ್ತೆ? ಪ್ರಶ್ನೆ ಪತ್ರಿಕೆಯಿಂದ ಹೋದದ್ದು ಪಾಠದಿಂದಲೂ ಹೋಗುತ್ತೆ. ಆಮೇಲೆ ಬೇರೆ ಕಾಲೇಜು ಯಾಕೆ, ಬೇರೆ ಪದವಿ ಯಾಕೆ? ಕ್ಯಾಲಿಫೋರ್ನಿಯಾದಲ್ಲಿ ಆಗಿದ್ದು ಅದೇ ಅಲ್ವಾ?

ಹುಡುಗಿ: ಆಗಲಿ ಅನ್ನೋರೂ ನನ್ನ ತರಗತಿಯಲ್ಲಿದ್ದಾರೆ. ಬೇಡವೇ ಬೇಡ ಅನ್ನೋರೂ ಇದ್ದಾರೆ. ನಾನು ಇನ್ನೂ ಯಾವ ಕಡೆನೂ ಇಲ್ಲ.

ಮಾತು ಇಲ್ಲಿಗೆ ನಿಂತಿತು, ಸುಲಿಯಲು ಕಾಯಿಯೂ ಉಳಿದಿರಲಿಲ್ಲ. ನನ್ನನ್ನು ಕೇಳಿದ್ದರೆ ಪಟ್ಟಿಯ ವಿಷಯದಲ್ಲಿ ದೊಡ್ಡಪ್ಪನ ಪರ, ಹೆಣ್ಣುಮಕ್ಕಳ ವಿಷಯದಲ್ಲಿ ಹುಡುಗಿಯ ಪರ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಫೆಬ್ರುವರಿ ಮುಗಿಯುವುದರೊಳಗೆ ಮೂವತ್ತು ಕಡೆಯ ಪಟ್ಟಿ ಮಾಡುತ್ತೇನೆ, ಡಿಓ ರೆಸಿಡೆಂಟುಗಳಿಗೂ ಬರೆಯುತ್ತೇನೆ ಎಂದು ಅವಳು ಒಪ್ಪಿಕೊಂಡಳು. ಪಟ್ಟಿ ಏನೇ ಹೇಳಲಿ, ಮೇ ತಿಂಗಳ ಸ್ವಯಂ ಪರೀಕ್ಷೆ ಚೆನ್ನಾಗಿ ಹೋದರೆ ಸ್ಟೆಪ್ 1 ಬರೆದೇ ತೀರುತ್ತೇನೆ ಅಂತಲೂ ಸೇರಿಸಿದಳು. ದೊಡ್ಡಪ್ಪ ಒಪ್ಪಿದ್ದು ಪಟ್ಟಿಗೆ ಮಾತ್ರ. ಲೆವೆಲ್ 1 ಜೂನ್‌ನಲ್ಲಿದೆ, ಅದನ್ನು ಹೇಗೂ ಬರೆಯಲೇಬೇಕು.